ವನ್ಯಜೀವಿಗಳ ಛಾಯಾಚಿತ್ರವೂ ಕಾಣುವ ಕಣ್ಣೂ

(ಶ್ರೀಮಠದ ಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಭಾಷಣ)



ನಿನ್ನೆಯಿಂದ ಈ ವೇದಿಕೆಯ ಮೇಲೆ ಶಾಸ್ತ್ರಜ್ಞರೂ ವಿದ್ವಾಂಸರೂ ಅನುಭಾವಿಗಳೂ ಮಾತನಾಡಿರುವರು. ಅಂಥವರು ನಿಂತ ಸ್ಥಳದಲ್ಲಿ, ಕ್ಯಾಮರಾವನ್ನು ಹೆಗಲಿಗೆ ಹಾಕಿಕೊಂಡು ಹೊಲ ಅಡವಿಗಳನ್ನು ತಿರುಗಿದ ಒಬ್ಬ ಶಾಲಾಮಾಸ್ತರನು ಏನನ್ನು ಹೇಳಿಯಾನು ಎಂಬ ಸಂಕೋಚವು ನನ್ನನ್ನು ಬಾಧಿಸುತ್ತಲಿದೆ. ಈ ಸಂಕೋಚವನ್ನು ಶ್ರೀಗಳವರಲ್ಲಿ ಬಿನ್ನವಿಸಿಕೊಂಡಾಗ, ‘ಕಂಡದ್ದನ್ನು ಕಂಡಂತೆ ಹೇಳಿರಿ, ಅಷ್ಟೇ ಸಾಕು’ ಎಂದು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯ ಬಲದಿಂದಲೇ ಇಲ್ಲಿ ನಿಂತಿದ್ದೇನೆ. ಕಂಡದ್ದನ್ನು ಕಂಡಂತೆ ಹೇಳಬೇಕಾದರೆ ನನ್ನ ಒಂದು ತಪ್ಪನ್ನೂ ಹೇಳಬೇಕಾಗುವುದು. ಅದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿದವನಲ್ಲ. ಇಂದು ಮರೆಮಾಚುವುದಿಲ್ಲ.

ಮಹನೀಯರೇ, ನಮ್ಮ ಜನರು ಛಾಯಾಚಿತ್ರದ ವಿಷಯವಾಗಿ ಆಡುವ ಮಾತುಗಳನ್ನು ತಾವು ಲಕ್ಷ್ಯವಿಟ್ಟು ಕೇಳಿರುವಿರಾ? ‘ಫೋಟೋ ಹೊಡೆದ’ ಎನ್ನುವರು. ‘ಫೋಟೋ ಹಿಡಿದ’ ಎನ್ನುವರು. ‘ಫೋಟೋ ತೆಗೆದ’ ಎನ್ನುವರು. ಹುಲಿಯನ್ನು ಹೊಡೆದವನಿಗೂ, ಮೊಲವನ್ನು ಹಿಡಿದವನಿಗೂ, ಗೂಡಿನೊಳಗಿನ ಮೊಟ್ಟೆಯನ್ನು ತೆಗೆದವನಿಗೂ ಈ ಮೂರು ಮಾತುಗಳೇ ಸಲ್ಲುವುವು. ಇದನ್ನು ನಾನು ವಿನೋದಕ್ಕಾಗಿ ಹೇಳುತ್ತಿಲ್ಲ. ಈ ಕಲೆಯು ಹುಟ್ಟಿದ್ದೇ ಬೇಟೆಯ ಮಗ್ಗುಲಲ್ಲಿ. ಅದು ಬೇಟೆಯಿಂದ ಬಿಡಿಸಿಕೊಂಡು ಬಂದ ಬಗೆಯನ್ನೂ, ಇನ್ನೂ ಪೂರಾ ಬಿಡಿಸಿಕೊಳ್ಳದೆ ಇರುವ ಬಗೆಯನ್ನೂ ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶವು.

ಮೊದಲು ಸ್ವಲ್ಪ ಇತಿಹಾಸ. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ ಹುಟ್ಟಿದ ರಿಚರ್ಡ್ ಕಿಯರ್ಟನ್, ಚೆರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು 1892ರಲ್ಲಿ ಒಂದು ಹಕ್ಕಿಯ ಗೂಡನ್ನೂ ಅದರೊಳಗಿನ ಮೊಟ್ಟೆಗಳನ್ನೂ ಇದ್ದ ಸ್ಥಳದಲ್ಲಿಯೇ ಚಿತ್ರಿಸಿದರು. ಆ ಕಾಲದಲ್ಲಿ ಹಕ್ಕಿಗಳ ಮೇಲೆ ಪ್ರೀತಿಯುಳ್ಳವರೆಂದರೆ ಮೊಟ್ಟೆಗಳನ್ನು ಕದ್ದು, ಒಳಗಿನದನ್ನು ಊದಿ ತೆಗೆದು, ಚಿಪ್ಪುಗಳನ್ನು ಹತ್ತಿಯ ಮೇಲಿಟ್ಟು ಪೆಟ್ಟಿಗೆ ತುಂಬುವವರು. ಕಿಯರ್ಟನ್ ಸಹೋದರರು ಮೊಟ್ಟೆಯನ್ನು ಗೂಡಿನಲ್ಲಿಯೇ ಬಿಟ್ಟು ಅದರ ರೂಪವನ್ನು ಮಾತ್ರ ಮನೆಗೆ ತಂದರು. 1895ರಲ್ಲಿ ಅಂಥ ಚಿತ್ರಗಳ ಒಂದು ಗ್ರಂಥವನ್ನೇ ಪ್ರಕಟಿಸಿದರು. ಹಕ್ಕಿಗಳು ಬೆದರದಿರಲೆಂದು ಎತ್ತಿನ ಚರ್ಮವನ್ನು ಚೌಕಟ್ಟಿನ ಮೇಲೆ ಹೊದಿಸಿ, ಅದರ ಹೊಟ್ಟೆಯೊಳಗೆ ಕ್ಯಾಮರಾದೊಡನೆ ಅಡಗಿ ಕುಳಿತಿರುತ್ತಿದ್ದರಂತೆ. ನಗು ಬರುವ ಸಂಗತಿಯೇ ಸರಿ. ಆದರೆ ಹಕ್ಕಿಗೆ ಭಯವಾಗಬಾರದೆಂದು ಮನುಷ್ಯನು ಎತ್ತಿನ ಹೊಟ್ಟೆಯನ್ನು ಹೊಕ್ಕದ್ದು ಸಣ್ಣ ವಿಷಯವಲ್ಲ.

ಅಮೇರಿಕೆಯಲ್ಲಿ ಜಾರ್ಜ್ ಶೈರಾಸ್ ಎಂಬ ವಕೀಲನು ಒಳ್ಳೆಯ ಬೇಟೆಗಾರನಾಗಿದ್ದನು. ರಾತ್ರಿಯ ಹೊತ್ತಿನಲ್ಲಿ ದೋಣಿಯ ಮುಂಭಾಗದಲ್ಲಿ ದೀಪವನ್ನಿಟ್ಟುಕೊಂಡು, ನೀರು ಕುಡಿಯಲು ಬಂದ ಜಿಂಕೆಗಳು ಆ ಬೆಳಕಿಗೆ ಬೆರಗಾಗಿ ನಿಂತಾಗ ಗುಂಡು ಹಾರಿಸುವುದು ಅಲ್ಲಿನ ಬೇಟೆಯ ಒಂದು ಪದ್ಧತಿ. ಅವನು ಅದೇ ದೋಣಿಯಲ್ಲಿ, ಅದೇ ದೀಪದ ಹಿಂದೆ, ಬಂದೂಕದ ಬದಲು ಕ್ಯಾಮರಾವನ್ನು ಇಟ್ಟನು. 1906ರ ಜುಲೈ ತಿಂಗಳಿನಲ್ಲಿ ‘ನ್ಯಾಷನಲ್ ಜಿಯೋಗ್ರಾಫಿಕ್’ ಪತ್ರಿಕೆಯು ಅವನ 74 ಚಿತ್ರಗಳನ್ನು ಒಟ್ಟಿಗೆ ಪ್ರಕಟಿಸಿತು. ಚಿತ್ರಿಸಲ್ಪಟ್ಟ ಜಿಂಕೆಯು ಕ್ಷಣಕಾಲ ಬೆದರಿ ಅಡವಿಯೊಳಗೆ ಓಡಿಹೋಯಿತು. ಹಾಗೆ ಓಡಿಹೋಗಲು ಅದಕ್ಕೆ ಪ್ರಾಣವಿತ್ತು.

ನಮ್ಮ ದೇಶದ ಹುಲಿಗಳಿಗೆ ಈ ಉಪಕಾರವನ್ನು ಮೊದಲು ಮಾಡಿದವನು ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿಯು. ಆಗಿನ ಸಂಯುಕ್ತ ಪ್ರಾಂತದ ಕಾಡುಗಳಲ್ಲಿ ಅವನ ಉದ್ಯೋಗ. ಅಧಿಕಾರಿಗಳೂ ರಾಜರೂ ಹುಲಿಯನ್ನು ಕೊಂದು ಅದರ ಹೆಣದ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವುದನ್ನೇ ಪ್ರತಿಷ್ಠೆಯೆಂದು ಎಣಿಸಿದ್ದ ಕಾಲವದು. ಚಾಂಪಿಯನ್ನನು ಹುಲಿಯ ದಾರಿಗೆ ಅಡ್ಡಲಾಗಿ ಒಂದು ತೆಳುವಾದ ತಂತಿಯನ್ನು ಕಟ್ಟಿ, ಅದನ್ನು ಕ್ಯಾಮರಾಕ್ಕೂ ಬೆಳಕು ಚಿಮ್ಮುವ ಯಂತ್ರಕ್ಕೂ ಜೋಡಿಸಿಟ್ಟು, ತಾನು ಮನೆಗೆ ಹೋಗಿ ಮಲಗುತ್ತಿದ್ದನು. ರಾತ್ರಿ ಹುಲಿಯು ನಡೆದು ಬಂದಾಗ ತಂತಿಯು ತಾಗಿ, ತನ್ನ ಚಿತ್ರವನ್ನು ತಾನೇ ಕೊಟ್ಟು ಮುಂದೆ ಹೋಗುತ್ತಿತ್ತು. 1925ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಈ ಚಿತ್ರಗಳು ಅಚ್ಚಾದುವು. 1927ರಲ್ಲಿ ಅವನ ಗ್ರಂಥವು ಹೊರಬಂದಿತು. ತನ್ನ ಚಿತ್ರಗಳನ್ನು ಸಾಲಾಗಿಟ್ಟು ನೋಡುವಾಗ ಅವನಿಗೆ ಒಂದು ಸಂಗತಿಯು ಗೋಚರಿಸಿತು: ಒಂದು ಹುಲಿಯ ಪಟ್ಟೆಗಳಂತೆ ಮತ್ತೊಂದರ ಪಟ್ಟೆಗಳು ಇರುವುದಿಲ್ಲ. ಮನುಷ್ಯರ ಹೆಬ್ಬೆಟ್ಟಿನ ಗುರುತಿನಂತೆ ಪ್ರತಿಯೊಂದು ಹುಲಿಗೂ ಅದರದೇ ಆದ ಬರಹವು ಮೈಮೇಲಿರುವುದು.

ಈ ಸಣ್ಣ ಸಂಗತಿಯು ಮುಂದೆ ಎಷ್ಟು ದೊಡ್ಡ ಕಾರ್ಯಕ್ಕೆ ಆಧಾರವಾಯಿತೆಂಬುದನ್ನು ನಮ್ಮ ನಾಡಿನ ಕಾಡೇ ತೋರಿಸಿಕೊಟ್ಟಿತು. ನಾಗರಹೊಳೆಯಲ್ಲಿ ಡಾಕ್ಟರ್ ಉಲ್ಲಾಸ ಕಾರಂತರು 1990ರ ದಶಕದಲ್ಲಿ, ಮನುಷ್ಯನಿಲ್ಲದೆ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಹುಲಿಗಳ ದಾರಿಯ ಎರಡೂ ಮಗ್ಗುಲಲ್ಲಿ ನಿಲ್ಲಿಸಿದರು. ಎರಡೂ ಮಗ್ಗುಲಲ್ಲಿ ಏಕೆಂದರೆ, ಒಂದೇ ಹುಲಿಯ ಬಲಮೈಯ ಪಟ್ಟೆಗಳೂ ಎಡಮೈಯ ಪಟ್ಟೆಗಳೂ ಒಂದೇ ತೆರನಾಗಿರುವುದಿಲ್ಲ. ಯಾವ ಹುಲಿಯು ಎಷ್ಟು ಸಲ ಮತ್ತೆ ಮತ್ತೆ ಕಾಣಿಸಿಕೊಂಡಿತೆಂಬುದನ್ನು ಗಣಿತಕ್ಕೆ ಒಪ್ಪಿಸಿ, ಕಾಣದೆ ಉಳಿದವುಗಳನ್ನೂ ಸೇರಿಸಿ ಒಟ್ಟು ಸಂಖ್ಯೆಯನ್ನು ಅಂದಾಜುಮಾಡುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಹೆಜ್ಜೆಗುರುತುಗಳನ್ನು ನೋಡಿ ಎಣಿಸುವುದೇ ರೂಢಿಯಾಗಿತ್ತು. 1972ರಲ್ಲಿ ಹಾಗೆ ಎಣಿಸಿದಾಗ ಇಡೀ ದೇಶದಲ್ಲಿ 1,827 ಹುಲಿಗಳೆಂದು ಲೆಕ್ಕವಾಯಿತು. ಮರುವರ್ಷವೇ ಹುಲಿ ಯೋಜನೆಯು ಆರಂಭವಾಗಿ, ಬಂಡೀಪುರವು ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. 2006ರಲ್ಲಿ ಚಿತ್ರಗಳ ಆಧಾರದಿಂದ ಹೊಸ ಕ್ರಮದಲ್ಲಿ ಎಣಿಸಿದಾಗ ಉಳಿದಿದ್ದುವು ಕೇವಲ 1,411 ಎಂದು ತಿಳಿದು ದೇಶವು ಬೆಚ್ಚಿಬಿದ್ದಿತು. 2022ರ ಗಣತಿಯಲ್ಲಿ 3,682. ಅವುಗಳಲ್ಲಿ ನಮ್ಮ ಕರ್ನಾಟಕದವು 563. ಹಳೆಯ ಕ್ರಮದ ಅಂಕಿಯನ್ನು ಹೊಸ ಕ್ರಮದ ಅಂಕಿಯೊಡನೆ ನೇರವಾಗಿ ಹೋಲಿಸಲಾಗದು. ಆದರೂ ಇರುವುದನ್ನು ಇರುವಷ್ಟೇ ಎಂದು ಸತ್ಯವಾಗಿ ಹೇಳುವ ಶಕ್ತಿಯು ಛಾಯಾಚಿತ್ರದಿಂದ ಬಂದಿತೆಂಬುದು ನಿಸ್ಸಂದೇಹವು.

ಇನ್ನು ಕನ್ನಡ ನಾಡಿನ ಛಾಯಾಗ್ರಾಹಕರನ್ನು ನೆನೆಯದೆ ಮುಂದೆ ಹೋಗಲಾರೆನು. ಸಂಡೂರಿನ ಎಂ. ವೈ. ಘೋರ್ಪಡೆಯವರು (1931–2011) ರಾಜ್ಯದ ಅರ್ಥಸಚಿವರಾಗಿದ್ದವರು; ಆ ಭಾರದ ನಡುವೆಯೂ ಕಾಡಿನ ಚಿತ್ರಗಳಿಗಾಗಿ ದಿನಗಟ್ಟಲೆ ಕಾದು ಕುಳಿತವರು. ಬೆಂಗಳೂರಿನಲ್ಲಿ ನೆಲಸಿದ ಟಿ. ಎನ್. ಎ. ಪೆರುಮಾಳರೂ (1932–2017), ಇ. ಹನುಮಂತರಾಯರೂ ಎಷ್ಟೋ ಮಂದಿ ತರುಣರಿಗೆ ಈ ವಿದ್ಯೆಯ ದಾರಿ ತೋರಿದರು. ಮೂಡಿಗೆರೆಯ ತೋಟದಲ್ಲಿದ್ದು ಕಥೆ ಕಾದಂಬರಿಗಳನ್ನು ಬರೆದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರಕ್ಕಾಗಿ ಪೊದೆಗಳಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಿದ್ದುದನ್ನು ಕನ್ನಡ ಓದುಗರೆಲ್ಲರೂ ಬಲ್ಲರು. ಕೃಪಾಕರ-ಸೇನಾನಿ ಎಂಬ ಜೋಡಿಯು ಜನರು ಕೇವಲ ಕ್ರೂರವೆಂದು ಹಳಿಯುತ್ತಿದ್ದ ಕಾಡುನಾಯಿಗಳನ್ನು ವರ್ಷಾನುವರ್ಷ ಹಿಂಬಾಲಿಸಿ, ಆ ಪ್ರಾಣಿಯ ಸಂಸಾರವನ್ನು ಲೋಕಕ್ಕೆ ಪರಿಚಯಿಸಿತು. ಇವರೆಲ್ಲರಲ್ಲಿಯೂ ಸಮಾನವಾದ ಗುಣವು ಒಂದೇ: ಕಾಯುವುದು. ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ಎದುರುನೋಡುವುದು ಎಂದೂ ಅರ್ಥವಿದೆ, ರಕ್ಷಿಸುವುದು ಎಂದೂ ಅರ್ಥವಿದೆ. ಈ ವಿದ್ಯೆಯಲ್ಲಿ ಆ ಎರಡೂ ಅರ್ಥಗಳು ಕೂಡಿಯೇ ಇರಬೇಕು. ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ ಅದು ಬೇಟೆಯೇ ಆಗುವುದು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಈಗ ನನ್ನ ತಪ್ಪಿನ ಕಥೆಗೆ ಬರುವೆನು.

ನಲವತ್ತು ವರ್ಷಗಳಷ್ಟು ಹಿಂದಿನ ಮಾತು. ಆಗತಾನೇ ಮಾಸ್ತರಿಕೆ ದೊರೆತಿತ್ತು. ಕೂಡಿಟ್ಟ ಹಣದಲ್ಲಿ ಮತ್ತೊಬ್ಬರು ಬಳಸಿ ಬಿಟ್ಟ ಒಂದು ಯಾಶಿಕಾ ಕ್ಯಾಮರಾವನ್ನು ಕೊಂಡಿದ್ದೆನು. ಮೇಲಿನಿಂದ ಬಗ್ಗಿ ನೋಡುವ, ಎರಡು ಮಸೂರಗಳ ಕ್ಯಾಮರಾ ಅದು. ಒಂದು ಸುರುಳಿ ಫಿಲ್ಮಿಗೆ ಹನ್ನೆರಡೇ ಚಿತ್ರಗಳು. ಸುರುಳಿಯ ಬೆಲೆಯೂ ತೊಳೆಸುವ ಖರ್ಚೂ ನನ್ನ ಸಂಬಳಕ್ಕೆ ಭಾರವಾಗಿದ್ದುದರಿಂದ ಒಂದೊಂದು ಚಿತ್ರಕ್ಕೂ ಹತ್ತು ಸಲ ಯೋಚಿಸುವ ಕಾಲ.

ನಮ್ಮ ಹೊಲದ ಬದುವಿನ ಮೇಲೆ ಒಂದು ಕವಳಿಯ ಕಂಟಿ ಇತ್ತು. ಅದರೊಳಗೆ ಎದೆಯೆತ್ತರದಲ್ಲಿ ಪಿಕಳಾರ ಹಕ್ಕಿಯ ಜೋಡಿಯೊಂದು ಗೂಡು ಕಟ್ಟಿತ್ತು. ಸಣ್ಣ ಕಡ್ಡಿ, ಬೇರಿನ ಎಳೆಗಳಿಂದ ನೆಯ್ದ ಅಂಗೈಯಗಲದ ಬಟ್ಟಲು. ಒಳಗೆ ಮೂರು ಮರಿಗಳು. ಇನ್ನೂ ರೆಕ್ಕೆ ಬಲಿತಿರಲಿಲ್ಲ. ತಾಯಿತಂದೆ ಇಬ್ಬರೂ ಸರದಿಯಂತೆ ಹುಳುಹಣ್ಣುಗಳನ್ನು ತಂದು ಕೊಡುತ್ತಿದ್ದುವು. ಹಕ್ಕಿಯು ಕಾಲಿಟ್ಟ ಸಪ್ಪುಳಕ್ಕೆ ಮೂರೂ ಕೊರಳುಗಳು ಒಟ್ಟಿಗೆ ಮೇಲೆದ್ದು ಬಾಯ್ದೆರೆಯುತ್ತಿದ್ದುವು. ಆ ಚಿತ್ರವು ನನಗೆ ಬೇಕೆನಿಸಿತು. ಆದರೆ ಕಂಟಿಯು ದಟ್ಟವಾಗಿತ್ತು. ಗೂಡಿನ ಮೇಲೆ ನೆರಳು. ಮುಂದೆ ಮುಳ್ಳಿನ ರೆಂಬೆಗಳು ಅಡ್ಡ.

ನಾನು ಮನೆಗೆ ಹೋಗಿ ಕುಡುಗೋಲನ್ನು ತಂದೆನು. ಮುಂದಿನ ಎರಡು ರೆಂಬೆಗಳನ್ನು ಕೊಯ್ದೆನು. ಮೇಲಿನ ಸೊಪ್ಪನ್ನು ಸವರಿದೆನು. ಬಿಸಿಲು ನೇರವಾಗಿ ಗೂಡಿನ ಮೇಲೆ ಬಿದ್ದಿತು. ಹಕ್ಕಿಗಳು ಸ್ವಲ್ಪ ಹೊತ್ತು ದೂರದಲ್ಲಿ ಕೂಗಾಡಿ, ಮರಿಗಳ ಹಸಿವಿಗೆ ಸೋತು ಮರಳಿ ಬಂದುವು. ಹನ್ನೆರಡು ಚಿತ್ರಗಳನ್ನೂ ತೆಗೆದೆನು. ಬಿಸಿಲಿಗೆ ಮರಿಗಳು ಬಾಯ್ದೆರೆದು ತೇಕುತ್ತಿದ್ದುದನ್ನು, ಹಸಿವಿನಿಂದ ಬಾಯ್ದೆರೆಯುತ್ತಿರುವುವೆಂದು ಎಣಿಸಿ ಸಂತೋಷಪಟ್ಟೆನು. ಸಂಜೆ ಕತ್ತಲಾಗುವಾಗ ಮನೆಗೆ ಬಂದೆನು. ಕೊಯ್ದ ರೆಂಬೆಗಳು ಬದುವಿನ ಕೆಳಗೆ ಬಿದ್ದಿದ್ದುವು. ಅವುಗಳನ್ನು ಎತ್ತಿ ಮರಳಿ ಮರೆಮಾಡಬೇಕೆಂಬ ಬುದ್ಧಿಯೂ ನನಗೆ ಹೊಳೆಯಲಿಲ್ಲ.

ಮರುದಿನ ಮುಂಜಾವಿನಲ್ಲಿ ಹೋಗಿ ನೋಡುತ್ತೇನೆ, ಗೂಡು ಓರೆಯಾಗಿ ಜೋತುಬಿದ್ದಿದೆ. ಒಳಗೆ ಏನೂ ಇಲ್ಲ. ಬೇಲಿಯಾಚೆ ಕೆಂಬೂತವು ತನ್ನ ದಪ್ಪ ದನಿಯಲ್ಲಿ ಕೂಗುತ್ತಿತ್ತು. ಅದು ಒಯ್ದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ. ಅದೇ ಒಯ್ದಿದ್ದರೂ ಅದರದು ತಪ್ಪಲ್ಲ. ಅದರ ಮರಿಗಳಿಗೂ ಹೊಟ್ಟೆಯಿರುವುದು. ಗೂಡಿನ ಬಾಗಿಲನ್ನು ತೆರೆದಿಟ್ಟು ಬಂದವನು ಯಾರೆಂಬುದು ಮಾತ್ರ ನನಗೆ ಗೊತ್ತಿತ್ತು. ಪಿಕಳಾರದ ಜೋಡಿಯು ಅಂದೆಲ್ಲ ಬಾಯಲ್ಲಿ ಹುಳುವನ್ನು ಹಿಡಿದುಕೊಂಡು ಕಂಟಿಯ ಸುತ್ತ ಹಾರಾಡುತ್ತಿತ್ತು. ಕೊಡಲು ಬಾಯಿಗಳಿರಲಿಲ್ಲ.

ಚಿತ್ರವು ಬಹಳ ಚೆನ್ನಾಗಿ ಬಂದಿತು. ಪಟ್ಟಣದ ಒಂದು ಪ್ರದರ್ಶನದಲ್ಲಿ ಅದಕ್ಕೆ ಬಹುಮಾನವೂ ದೊರೆಯಿತು. ಕಟ್ಟು ಹಾಕಿಸಿ ಮನೆಗೆ ತಂದಾಗ ನಮ್ಮ ತಾಯಿಯವರು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಅಕ್ಷರ ಬಾರದವರು. ನೋಡಿ ನೋಡಿ, ‘ಭಾಳ ಛಲೋ ಬಂದೈತಿ. ಮರಿ ಹಾರಿ ಹ್ವಾದುವೇನಪಾ?’ ಎಂದು ಕೇಳಿದರು.

ಪ್ರದರ್ಶನದಲ್ಲಿ ನೂರಾರು ಜನರು ಆ ಚಿತ್ರವನ್ನು ನೋಡಿದ್ದರು. ತೀರ್ಪುಗಾರರು ಬೆಳಕನ್ನು ಹೊಗಳಿದ್ದರು, ರಚನೆಯನ್ನು ಹೊಗಳಿದ್ದರು. ಮರಿಗಳು ಏನಾದುವೆಂದು ಕೇಳಿದವರು ಅವರೊಬ್ಬರೇ. ನಾನು, ‘ಹೂಂ ಅವ್ವಾ, ಹಾರಿ ಹ್ವಾದುವು’ ಎಂದೆನು. ಅವರು ಸಮಾಧಾನಪಟ್ಟು ಚಿತ್ರವನ್ನು ದೇವರ ಗೂಡಿನ ಮಗ್ಗುಲಿಗೆ ಮೊಳೆ ಹೊಡೆದು ತೂಗುಹಾಕಿಸಿದರು. ಅವರು ಲಿಂಗೈಕ್ಯರಾಗುವವರೆಗೂ ಅದು ಅಲ್ಲಿಯೇ ಇದ್ದಿತು. ದಿನವೂ ಪೂಜೆಗೆ ಕುಳಿತಾಗ ನನ್ನ ಕಣ್ಣಿಗೆ ಬೀಳುತ್ತಿತ್ತು. ನಿಜವನ್ನು ಹೇಳುವ ಧೈರ್ಯವಾಗಲಿಲ್ಲ. ಅವರಿಗೆ ಹೇಳಿದ ಆ ಸುಳ್ಳನ್ನು ಇಂದು ಈ ಸನ್ನಿಧಿಯಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಎಷ್ಟೋ ವರ್ಷಗಳ ಮೇಲೆ, ಮಕ್ಕಳಿಗೆ ಪಾಠ ಹೇಳುವುದಕ್ಕಾಗಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವನ್ನು ಓದುತ್ತಿದ್ದೆನು. ಅದರಲ್ಲಿ ಬೇಟೆಯೆಂದರೆ ಏನೆಂಬುದಕ್ಕೆ ಅರ್ಥವಿವರಣೆಯುಂಟು. ಕೊಲ್ಲುವುದು, ಹಿಡಿಯುವುದು, ಬಲೆಯೊಡ್ಡುವುದು ಇವೆಲ್ಲವೂ ಬೇಟೆಯೇ ಸರಿ. ಅವುಗಳ ಜೊತೆಗೆ ಕಾಡುಹಕ್ಕಿಗಳ ಮೊಟ್ಟೆಗಳನ್ನು ಹಾಳುಮಾಡುವುದೂ, ಮೊಟ್ಟೆ ಗೂಡುಗಳಿಗೆ ತೊಂದರೆ ಕೊಡುವುದೂ ಬೇಟೆಯಲ್ಲಿಯೇ ಸೇರಿದೆ. ಆ ಸಾಲನ್ನು ಓದಿದಾಗ ಪುಸ್ತಕವನ್ನು ಮುಚ್ಚಿಟ್ಟೆನು. ಜನ್ಮದಲ್ಲಿ ಬಂದೂಕವನ್ನು ಮುಟ್ಟಿದವನಲ್ಲ, ಮಾಂಸವನ್ನು ತಿಂದವನಲ್ಲ, ಇರುವೆಯನ್ನು ತುಳಿಯದೆ ನಡೆಯಬೇಕೆಂದು ಮಕ್ಕಳಿಗೆ ಬೋಧಿಸುವವನು. ಆದರೂ ಅಧಿನಿಯಮದ ಮಾತಿನಂತೆ ನಾನೊಬ್ಬ ಬೇಟೆಗಾರನು. ಕೈಯಲ್ಲಿರುವ ಉಪಕರಣವನ್ನು ಬದಲಾಯಿಸಿದ ಮಾತ್ರಕ್ಕೆ ಕೈಯು ಬದಲಾಗುವುದಿಲ್ಲ. ‘ನನಗೆ ಬೇಕು’ ಎಂಬ ಆಸೆಯು ಕುಡುಗೋಲನ್ನು ಎತ್ತಿತು. ಕ್ಯಾಮರಾವು ಅದಕ್ಕೆ ನೆವವಾಯಿತು.

ಮಹನೀಯರೇ, ಇದಕ್ಕೆ ಪ್ರತಿಯಾಗಿ ಮತ್ತೊಂದು ದಿನದ ಸಂಗತಿಯನ್ನು ಹೇಳಬೇಕಾಗಿದೆ.

ರಾಣೆಬೆನ್ನೂರಿನ ಬಳಿ ಕೃಷ್ಣಮೃಗಗಳ ಅಭಯಾರಣ್ಯವಿರುವುದನ್ನು ತಾವು ಬಲ್ಲಿರಿ. 1974ರಲ್ಲಿ ಅದಕ್ಕೆ ಆ ರಕ್ಷಣೆಯು ದೊರೆಯಿತು. ವಿಸ್ತಾರವು ಸುಮಾರು 119 ಚದರ ಕಿಲೋಮೀಟರು. ನಮ್ಮ ರೈತರು ಚಿಗರಿ ಎಂದು ಕರೆಯುವ ಪ್ರಾಣಿಯೇ ಇದು. ವಯಸ್ಸಿಗೆ ಬಂದ ಗಂಡಿನ ಬೆನ್ನು ಕಪ್ಪಾಗಿ, ಕೊಂಬುಗಳು ಹುರಿಗೊಂಡು ಬೆಳೆಯುವುವು. ಹೆಣ್ಣು ಕಂದುಬಣ್ಣದ್ದು, ಸಾಧಾರಣವಾಗಿ ಕೊಂಬಿಲ್ಲದ್ದು. ಈದ ಮೇಲೆ ತಾಯಿಯು ತನ್ನ ಮರಿಯನ್ನು ಮೊದಲ ಕೆಲವು ದಿನ ಹುಲ್ಲಿನಲ್ಲಿ ಅಡಗಿಸಿಟ್ಟು, ತಾನು ದೂರದಲ್ಲಿ ಮೇಯುತ್ತಿರುವುದು. ಹಾಲು ಕೊಡುವ ಹೊತ್ತಿಗೆ ಮಾತ್ರ ಬಳಿಗೆ ಬರುವುದು. ತಾಯಿಯು ಹತ್ತಿರವೇ ನಿಂತರೆ ತೋಳ ನಾಯಿಗಳಿಗೆ ಮರಿಯ ಸುಳಿವು ಸಿಕ್ಕೀತೆಂಬುದು ಇದರ ಮರ್ಮವು. ತಿಳಿಯದ ಜನರು ಅಂಥ ಮರಿಯನ್ನು ಕಂಡು, ‘ಪಾಪ, ತಬ್ಬಲಿ’ ಎಂದು ಎತ್ತಿಕೊಂಡು ಮನೆಗೆ ತರುವುದುಂಟು. ದಯೆಯಿಂದ ಮಾಡಿದ ಆ ಕೆಲಸವೇ ಅದನ್ನು ತಬ್ಬಲಿಯಾಗಿಸುವುದು.

ಇಲಾಖೆಯ ಅನುಮತಿ ಪಡೆದು, ಒಬ್ಬ ವಯಸ್ಸಾದ ಕಾವಲುಗಾರನೊಡನೆ ನಾನು ಅಲ್ಲಿಗೆ ಹೋಗಿದ್ದೆನು. ಮಳೆ ನಿಂತ ದಿನಗಳ ಮುಂಜಾವು. ಹುಲ್ಲಿನ ತುದಿಗಳಲ್ಲಿ ಇಬ್ಬನಿ. ಒಂದು ಹೆಣ್ಣು ಚಿಗರಿಯು ನಮ್ಮನ್ನು ಕಂಡು ಓಡದೆ, ದೂರದಲ್ಲಿ ಅರ್ಧ ಸುತ್ತು ಹಾಕಿ ನಿಂತು, ಮತ್ತೆ ಮತ್ತೆ ನಮ್ಮ ಕಡೆಗೂ ನೆಲದ ಕಡೆಗೂ ನೋಡುತ್ತಿತ್ತು. ಕಾವಲುಗಾರನು ನನ್ನ ತೋಳನ್ನು ಹಿಡಿದು, ‘ನಿಂದರ್ರಿ ಮಾಸ್ತರ್ರ. ಅದರ ಕೂಸು ಇಲ್ಲೇ ಎಲ್ಲೋ ಐತಿ’ ಎಂದನು. ನೋಡಿದರೆ ನನ್ನ ಕಾಲಿನಿಂದ ಮೂರು ಮಾರಿನೊಳಗೆ ಮರಿಯು ಮಲಗಿತ್ತು. ಕೊರಳನ್ನು ನೆಲಕ್ಕೆ ಚಾಚಿ, ಕಿವಿಗಳನ್ನು ಹಿಂದಕ್ಕೆ ಅಂಟಿಸಿಕೊಂಡು ಒಂದು ಮಣ್ಣಿನ ಹೆಂಟೆಯಂತೆ ಬಿದ್ದಿತ್ತು. ಕಣ್ಣು ಮಾತ್ರ ತೆರೆದಿತ್ತು. ಆ ಕಣ್ಣಿನಲ್ಲಿ ಆಕಾಶವೂ, ಹುಲ್ಲಿನ ಎಳೆಗಳೂ, ನಿಂತಿದ್ದ ನಾನೂ ಕಾಣಿಸುತ್ತಿದ್ದೆವು.

ಕೈಯು ತಾನಾಗಿಯೇ ಕ್ಯಾಮರಾದ ಮೇಲೆ ಹೋಯಿತು. ಬೆಳಕು ಸರಿಯಾಗಿತ್ತು. ಇಬ್ಬನಿಯ ಹನಿಯು ಅದರ ಮೂಗಿನ ಮೇಲಿತ್ತು. ಒಂದು ಹುಲ್ಲಿನ ಎಸಳು ಮುಖಕ್ಕೆ ಅಡ್ಡವಾಗಿತ್ತು. ಬಗ್ಗಿ ಸರಿಸಿದರೆ ಆಯಿತು. ಆ ಎಸಳನ್ನು ಕಂಡಕೂಡಲೆ ಕವಳಿಯ ಕಂಟಿಯು ನೆನಪಿಗೆ ಬಂದಿತು. ಅದರ ಬೆನ್ನಿಗೇ ತಾಯಿಯವರ ದನಿಯು. ನಾನು ಒಂದು ಚಿತ್ರವನ್ನು ತೆಗೆದು, ಅದು ಚೆನ್ನಾಗಿ ಬಂದು, ಯಾರಾದರೂ ‘ಈ ಮರಿ ಆಮೇಲೆ ಏನಾಯಿತು?’ ಎಂದು ಕೇಳಿದರೆ ಏನು ಹೇಳಬೇಕು? ನಾವು ಅಲ್ಲಿ ನಿಂತಷ್ಟು ಹೊತ್ತು ಅದರ ತಾಯಿಯು ಬರಲಾರದು. ನಮ್ಮ ಹೆಜ್ಜೆಯ ವಾಸನೆಯನ್ನು ಹಿಡಿದು ಊರನಾಯಿಗಳು ಬಂದರೆ ಅದು ಓಡಲಾರದು.

ನಾನು ಕ್ಯಾಮರಾವನ್ನು ಕೈಬಿಟ್ಟೆನು. ಇಬ್ಬರೂ ಬಂದ ಹೆಜ್ಜೆಗಳಲ್ಲಿಯೇ ಹಿಮ್ಮೆಟ್ಟಿ, ದೂರದ ಒಂದು ದಿಬ್ಬದ ಮರೆಗೆ ಹೋಗಿ ಕುಳಿತೆವು. ಅರ್ಧ ಗಂಟೆಯ ಮೇಲೆ ದುರ್ಬೀನಿನಲ್ಲಿ ನೋಡುತ್ತಿದ್ದಾಗ ತಾಯಿಯು ಮೇಯುತ್ತ ಮೇಯುತ್ತ, ಯಾವ ಅವಸರವೂ ಇಲ್ಲದಂತೆ ಆ ಸ್ಥಳಕ್ಕೆ ಬಂದಿತು. ಹೆಂಟೆಯಂತೆ ಬಿದ್ದಿದ್ದುದು ನಾಲ್ಕು ಕಾಲಿನ ಮೇಲೆ ಎದ್ದು ನಿಂತಿತು. ಬಾಲವನ್ನಲ್ಲಾಡಿಸುತ್ತ ಹಾಲು ಕುಡಿಯಿತು. ಆ ಕಾವಲುಗಾರನು ಬೀಡಿಯನ್ನು ಹಚ್ಚದೆ ಕೈಯಲ್ಲಿಯೇ ಹಿಡಿದುಕೊಂಡು ನಗುತ್ತಿದ್ದನು. ಆ ದಿನ ನನ್ನ ಹತ್ತಿರ ಯಾವ ಚಿತ್ರವೂ ಇರಲಿಲ್ಲ. ಆದರೆ ‘ಮರಿ ಏನಾಯಿತು?’ ಎಂದು ಯಾರೇ ಕೇಳಿದರೂ ತಲೆಯೆತ್ತಿ ಉತ್ತರ ಹೇಳಬಲ್ಲವನಾಗಿದ್ದೆನು.

ನಿಸರ್ಗದಲ್ಲಿ ಅರ್ಥವನ್ನು ಕಾಣುವುದೆಂದರೆ ಏನು ಎಂಬ ಪ್ರಶ್ನೆಯನ್ನು ಸಭಿಕರು ಕೇಳಬಹುದು. ನನ್ನ ಅಲ್ಪಬುದ್ಧಿಗೆ ತೋರಿದ್ದನ್ನು ಅರಿಕೆ ಮಾಡಿಕೊಳ್ಳುವೆನು. ಮೃಗಪಕ್ಷಿಗಳು ನಮಗೆ ನೀತಿಪಾಠವನ್ನು ಹೇಳುವುದಕ್ಕಾಗಿ ಬದುಕಿರುವುವಲ್ಲ. ಚಿಗರಿಯ ತಾಯಿಯು ವಾತ್ಸಲ್ಯಕ್ಕೆ ನಿದರ್ಶನವಾಗಬೇಕೆಂದು ಮರಿಗೆ ಹಾಲು ಕೊಡಲಿಲ್ಲ. ಕೆಂಬೂತವು ಕ್ರೌರ್ಯಕ್ಕೆ ನಿದರ್ಶನವಾಗಬೇಕೆಂದು ಗೂಡಿಗೆ ಕೈಹಾಕಲಿಲ್ಲ. ಅವು ತಮ್ಮ ತಮ್ಮ ಬಾಳನ್ನು ಬಾಳುತ್ತಿರುವುವು. ಅಂಥ ಒಂದು ಬಾಳು ನಮ್ಮನ್ನು ಕೇಳದೆ, ನಮ್ಮ ಹೊಗಳಿಕೆಯನ್ನು ಬಯಸದೆ ತಾನೇ ಪೂರ್ಣವಾಗಿ ನಡೆಯುತ್ತಿದೆಯೆಂಬ ಅರಿವು ಒಂದು ಕ್ಷಣ ನಮಗುಂಟಾದರೆ ಆ ಭೇಟಿಯು ಸಾರ್ಥಕವಾಯಿತು. ಅದರೆದುರಿಗೆ ನಾವು ಸಣ್ಣವರಾಗುವೆವು. ಹಾಗೆ ಸಣ್ಣವರಾಗುವುದರಲ್ಲಿ ಒಂದು ದೊಡ್ಡ ಸುಖವುಂಟು. ಶರಣರ ಸಂಪ್ರದಾಯದಲ್ಲಿ ಬೆಳೆದ ತಮಗೆ ಈ ಸುಖವನ್ನು ನಾನು ಬಿಡಿಸಿ ಹೇಳಬೇಕಾದುದಿಲ್ಲ.

ಇದನ್ನು ಪುಸ್ತಕವನ್ನೂ ಕ್ಯಾಮರಾವನ್ನೂ ಮುಟ್ಟದ ಜನರು ಎಷ್ಟು ಸಹಜವಾಗಿ ಬಲ್ಲರೆಂಬುದಕ್ಕೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರೇ ಸಾಕ್ಷಿ. ಆ ಹಳ್ಳಿಯ ಹುಣಸೆಮರಗಳ ಮೇಲೆ, ಮನೆಗಳ ಹಿತ್ತಲುಗಳಲ್ಲಿಯೇ, ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷವೂ ಬಂದು ಗೂಡು ಕಟ್ಟಿ ಮರಿಮಾಡುವುವು. ಹೊರಗಿನ ಪಕ್ಷಿಶಾಸ್ತ್ರಜ್ಞರ ಗಮನಕ್ಕೆ ಆ ಊರನ್ನು 1976ರಲ್ಲಿ ತಂದವರು ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು, 2007ರಲ್ಲಿ ಅದು ಸಮುದಾಯದ ಸಂರಕ್ಷಿತ ತಾಣವೆಂದು ಘೋಷಿತವಾಯಿತು. ಆದರೆ ಊರವರು ಅದಕ್ಕೂ ತಲೆಮಾರುಗಳ ಹಿಂದಿನಿಂದಲೂ ಹಕ್ಕಿಗಳನ್ನು ಕಾದುಕೊಂಡು ಬಂದಿರುವರು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಅವನ್ನು ಕರೆಯುವರು. ಮರದ ಮೇಲೆ ಗೂಡುಗಳಿದ್ದರೆ ಹುಣಸೆಯ ಫಸಲಿನ ಆಸೆಯನ್ನು ಬಿಡುವರು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದ ತರುಣರು ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುವರು. ಹಕ್ಕಿಗಳ ಹಿಕ್ಕೆಯ ನಾತವನ್ನು ತಿಂಗಳುಗಟ್ಟಲೆ ಸಹಿಸುವುದು ಸುಲಭವಲ್ಲ. ಆ ಹಿಕ್ಕೆಯು ಹೊಲಕ್ಕೆ ಗೊಬ್ಬರವಾಗುವುದು ನಿಜವಾದರೂ, ಲಾಭಕ್ಕಾಗಿ ಮಾತ್ರ ಯಾರೂ ಇಷ್ಟನ್ನು ಸಹಿಸುವುದಿಲ್ಲ. ನಾನು ಅಲ್ಲಿ ಮೊದಲ ದಿನ ಕ್ಯಾಮರಾವನ್ನು ಎತ್ತಿದಾಗ ಒಬ್ಬ ಅಜ್ಜಿಯು ನನ್ನನ್ನು ತಡೆಯಲಿಲ್ಲ; ‘ಮರದ ಬುಡಕ್ ಓಗ್ಬೇಡ ಕಪ್ಪಾ, ಮರಿ ಎದರ್ಕೊಂಡ್ ಕೆಳಕ್ ಬಿದ್‌ಬುಟ್ಟಾವು’ ಎಂದಷ್ಟೇ ಹೇಳಿದರು. ನನ್ನ ತಾಯಿಯವರ ಪ್ರಶ್ನೆಗೂ ಈ ಅಜ್ಜಿಯ ಮಾತಿಗೂ ಮೂಲವು ಒಂದೇ.

ಇನ್ನು ತರುಣ ಮಿತ್ರರಿಗೆ ಎರಡು ಮಾತು. ನಿಮ್ಮ ಕಾಲದಲ್ಲಿ ಫಿಲ್ಮಿನ ಸುರುಳಿಯ ಚಿಂತೆಯಿಲ್ಲ. ಜೇಬಿನೊಳಗಿನ ಮೊಬೈಲೇ ಕ್ಯಾಮರಾ. ಸಾವಿರ ಚಿತ್ರ ತೆಗೆದರೂ ಖರ್ಚಿಲ್ಲ. ಖರ್ಚಿಲ್ಲದೆ ಇರುವುದರಿಂದಲೇ ಯೋಚಿಸುವ ಕಾರಣವೂ ಇಲ್ಲದಂತಾಗಿದೆ. ಆದುದರಿಂದ ಕೆಲವು ನಿಯಮಗಳನ್ನು ನೀವೇ ನಿಮಗೆ ವಿಧಿಸಿಕೊಳ್ಳಿರಿ. ಗೂಡಿನ ಬಳಿಗೆ ಹೋಗಬೇಡಿರಿ. ಒಂದು ಎಲೆಯನ್ನೂ ಸರಿಸಬೇಡಿರಿ. ಹಕ್ಕಿಯ ಕೂಗನ್ನು ಯಂತ್ರದಲ್ಲಿ ನುಡಿಸಿ ಅದನ್ನು ಹೊರಗೆ ಕರೆಯಬೇಡಿರಿ. ತನ್ನ ನೆಲೆಗೆ ಶತ್ರುವು ಬಂದನೆಂದು ತಿಳಿದು ಅದು ಮರಿಗಳನ್ನು ಬಿಟ್ಟು ಬರುವುದು. ಆಹಾರವನ್ನು ಒಡ್ಡಿ ಪ್ರಾಣಿಗಳನ್ನು ಸೆಳೆಯಬೇಡಿರಿ. ರಾತ್ರಿಯ ಜೀವಿಗಳ ಕಣ್ಣಿಗೆ ಪ್ರಖರವಾದ ಬೆಳಕನ್ನು ಹಾಯಿಸಬೇಡಿರಿ. ಅಪರೂಪದ ಜೀವಿಯು ಇರುವ ಸ್ಥಳವನ್ನು ಊರಿಗೆಲ್ಲ ಸಾರಬೇಡಿರಿ. ಮೊಬೈಲಿನ ಚಿತ್ರದೊಳಗೆ ಸ್ಥಳದ ಗುರುತು ತಾನಾಗಿಯೇ ಸೇರಿರಬಹುದೆಂಬುದನ್ನು ಮರೆಯಬೇಡಿರಿ. ಪ್ರಾಣಿಯು ಮೇಯುವುದನ್ನು ನಿಲ್ಲಿಸಿ ನಿಮ್ಮನ್ನೇ ನೋಡತೊಡಗಿತೆಂದರೆ ನೀವು ಆಗಲೇ ಹೆಚ್ಚು ಹತ್ತಿರ ಹೋಗಿರುವಿರೆಂದು ತಿಳಿದು ಹಿಂದೆ ಸರಿಯಿರಿ. ಈ ಎಲ್ಲ ನಿಯಮಗಳನ್ನು ನೆನಪಿಡಲಾರದಿದ್ದರೆ ನನ್ನ ತಾಯಿಯವರ ಪ್ರಶ್ನೆಯೊಂದನ್ನೇ ನೆನಪಿಡಿರಿ. ಚಿತ್ರವು ಚೆನ್ನಾಗಿ ಬಂದಿದೆ, ಒಪ್ಪಿದೆ, ಮರಿ ಏನಾಯಿತು? ಈ ಪ್ರಶ್ನೆಗೆ ನಾಚದೆ ಉತ್ತರ ಕೊಡಬಲ್ಲ ಚಿತ್ರಗಳನ್ನು ಮಾತ್ರ ಮನೆಗೆ ತನ್ನಿರಿ.

ಕ್ಯಾಮರಾವನ್ನು ಬಿಸಾಡಿರೆಂದು ನಾನು ಹೇಳುತ್ತಿಲ್ಲ. ಚಾಂಪಿಯನ್ನನ ತಂತಿಯಿಂದ ನಾಗರಹೊಳೆಯ ಲೆಕ್ಕದವರೆಗೆ ಅದು ಮಾಡಿದ ಉಪಕಾರವನ್ನು ಆಗಲೇ ಹೇಳಿದ್ದೇನೆ. ಕಾಡಿಗೆ ಹೋಗಲಾರದ ಲಕ್ಷಾಂತರ ಜನರಿಗೆ ಕಾಡಿನ ಮೇಲೆ ಪ್ರೀತಿಯನ್ನು ಹುಟ್ಟಿಸಿದ್ದೂ ಅದೇ. ನನ್ನ ಕೋರಿಕೆಯು ಇಷ್ಟೇ: ಹ��ಡೆಯುವುದು, ಹಿಡಿಯುವುದು, ತೆಗೆಯುವುದು ಎಂಬ ಮೂರು ಮಾತುಗಳ ಜೊತೆಗೆ ‘ಬಿಡುವುದು’ ಎಂಬ ನಾಲ್ಕನೆಯ ಮಾತನ್ನೂ ಈ ವಿದ್ಯೆಯಲ್ಲಿ ಸೇರಿಸಿಕೊಳ್ಳೋಣ. ಬಿಡಲು ಬಲ್ಲವನು ತೆಗೆದ ಚಿತ್ರಕ್ಕೆ ಮಾತ್ರ ಬೆಲೆಯುಂಟು.

ಆ ಪಿಕಳಾರದ ಚಿತ್ರವು ಇಂದಿಗೂ ನಮ್ಮ ಮನೆಯ ಗೋಡೆಯ ಮೇಲಿದೆ. ತಾಯಿಯವರು ತೂಗುಹಾಕಿಸಿದ ಸ್ಥಳದಿಂದ ಅದನ್ನು ನಾನು ತೆಗೆದಿಲ್ಲ. ಮನೆಗೆ ಬರುವ ಮಕ್ಕಳು ಬೆರಗಿನಿಂದ ನೋಡುವರು. ಇನ್ನು ಮುಂದೆ ಅವರು ಕೇಳಲಿ, ಕೇಳದಿರಲಿ, ಆ ಮರಿಗಳು ಏನಾದುವೆಂಬುದನ್ನು ನಾನೇ ಹೇಳುವೆನು. ಶ್ರೀಗಳವರ ಸನ್ನಿಧಿಯಲ್ಲಿ ಇದನ್ನು ನನ್ನ ಸಂಕಲ್ಪವೆಂದು ಅರ್ಪಿಸುತ್ತೇನೆ.